ಕೊನೆಯ ಗಂಟು

ನಮ್ಮೂರಲ್ಲಿ ಯಾರ ಮೈಮೇಲಾದರೂ ಕತ್ತಿ ಆಡಿ, ಹೊಲಿಗೆ ಬಿದ್ದು, ಗಾಯ ಮಾಗಿತು ಅನ್ನಿ; ಕೊನೆಯ ಗಂಟು ಹಾಕಿದವರ ಹೆಸರು ಆ ಕಲೆಯ ಮೇಲೆ ಮೂಡುತ್ತದೆ. ಅವರವರ ಕೈಬರಹದಲ್ಲೇ ಮೂಡುತ್ತದೆ. ಇದರಲ್ಲಿ ನಮಗೇನೂ ಸೋಜಿಗವಿಲ್ಲ. ಹಲಸಿನ ಮರದಲ್ಲಿ ಹಲಸು ಬಿಟ್ಟರೆ ಯಾರಾದರೂ ಬಾಯಿ ಬಿಟ್ಟುಕೊಂಡು ನಿಲ್ಲುತ್ತಾರೆಯೇ? ಸೋಜಿಗವೇನಿದ್ದರೂ ಅದರ ಸುತ್ತ ನಮ್ಮ ಜನ ಕಟ್ಟಿಕೊಂಡ ಬಾಳಿನದು. ಹೆಣ್ಣು ನೋಡಲು ಬಂದವರು ಹುಡುಗಿಯ ಓದು ಕೇಳುವ ಮೊದಲು, ಅವಳಪ್ಪನ ಹರ್ನಿಯಾ ಯಾರದು ಎಂದು ಕೇಳುತ್ತಾರೆ. ಬಸ್ಸಿನಲ್ಲಿ ಸೀಟು ಬೇಕಾದ ಗಂಡಸರು ಅಂಗಿ ಎತ್ತಿ ತೋರಿಸುತ್ತಾರೆ. ಫೋಟೋ ಸ್ಟುಡಿಯೋಗೆ ಹೋದರೆ "ಮುಖವೋ, ಹೊಟ್ಟೆಯೋ?" ಎಂದು ಮೊದಲೇ ಕೇಳಿಬಿಡುತ್ತಾರೆ.

ನಾನು ಈ ಊರಿನ ವಿಶ್ವವಿದ್ಯಾಲಯದ ದೊಡ್ಡಾಸ್ಪತ್ರೆಯಲ್ಲಿ ಆಪರೇಷನ್ನಿಗೆ ಅರಿವಳಿಕೆ ಕೊಡುವ ಡಾಕ್ಟರು. ಜನ ನನ್ನನ್ನು ನಿದ್ದೆ ಡಾಕ್ಟರು ಅನ್ನುತ್ತಾರೆ. ಎಷ್ಟು ಚೆನ್ನಾಗಿ ಕೆಲಸ ಮಾಡುತ್ತೇನೋ ಅಷ್ಟು ಚೆನ್ನಾಗಿ ನನ್ನನ್ನು ಮರೆಯುತ್ತಾರೆ. ಯಾರ ಹೊಟ್ಟೆಯ ಮೇಲೂ ನನ್ನ ಹೆಸರು ಮೂಡಿದ್ದಿಲ್ಲ, ಮೂಡುವುದೂ ಇಲ್ಲ. ಇದರಿಂದ ನನಗೆ ಹೊಟ್ಟೆಕಿಚ್ಚಿಲ್ಲ ಎಂದರೆ ನೀವೂ ನಂಬುವುದಿಲ್ಲ, ನಾನೂ ನಂಬುವುದಿಲ್ಲ. ಆದರೆ ರೋಗಿಯ ತಲೆಯ ಕಡೆ ಸ್ಟೂಲು ಹಾಕಿಕೊಂಡು ಕೂತವನಿಗೆ ಒಂದು ಅನುಕೂಲವಿದೆ. ಯಾರ ಕೈ ಏನು ಮಾಡುತ್ತಿದೆ, ಯಾರ ಬಾಯಿ ಏನು ಹೇಳುತ್ತಿದೆ, ಎರಡೂ ಒಟ್ಟಿಗೆ ಕಾಣುತ್ತವೆ. ನಮ್ಮಲ್ಲಿ ಸರ್ಜರಿ ಕಲಿಯುತ್ತಿದ್ದ ಇಂದುಮತಿಯ ಕಥೆಯನ್ನು ನಾನು ಹೇಳಲು ಕೂತಿರುವುದು ಅದಕ್ಕೇ.

ಮೊದಲು ಅವಳ ಗುರುಗಳ ವಿಷಯ ಹೇಳಿಬಿಡುತ್ತೇನೆ. ನಮ್ಮ ಸರ್ಜರಿ ವಿಭಾಗದ ಮುಖ್ಯಸ್ಥರು ಪ್ರೊಫೆಸರ್ ಮೃತ್ಯುಂಜಯಯ್ಯನವರು. ಊರಿನ ಅರ್ಧ ಹೊಟ್ಟೆಗಳ ಮೇಲೆ ಅವರ ಹೆಸರಿದೆ. ಅಷ್ಟುದ್ದದ ಹೆಸರು ಹಿಡಿಸಬೇಕಲ್ಲ, ಅದಕ್ಕೆ ನಮ್ಮಲ್ಲಿ ಕೊಯ್ಯುವುದೂ ಉದ್ದ. ಬೇರೆ ಊರುಗಳಲ್ಲಿ ಬೆರಳುದ್ದ ಕೊಯ್ದು ಮುಗಿಸುವ ಅಪೆಂಡಿಕ್ಸಿಗೆ ನಮ್ಮ ವಿದ್ಯಾರ್ಥಿಗಳಿಗೆ ಗೇಣುದ್ದ ಕೊಯ್ಯಲು ಕಲಿಸುತ್ತಾರೆ. ಪಠ್ಯಪುಸ್ತಕದಲ್ಲೂ ಹಾಗೇ ಇದೆ. ಪುಸ್ತಕ ಬರೆದವರೂ ಅವರೇ.

ನಮ್ಮ ಆಸ್ಪತ್ರೆಯ ಪದ್ಧತಿ ಹೀಗೆ. ಎಂ.ಎಸ್. ಓದುವ ಮಕ್ಕಳು ಬೆಳಿಗ್ಗೆ ಬಂದು, ಹೊಟ್ಟೆ ಬಗೆದು, ಕೆಟ್ಟದ್ದು ತೆಗೆದು, ಒಳ್ಳೆಯದು ಜೋಡಿಸಿ, ಪದರ ಪದರವಾಗಿ ಹೊಲಿದುಕೊಂಡು ಮೇಲೆ ಬಂದು, ಚರ್ಮದ ಮೇಲೆ ಒಂದೇ ಒಂದು ಗಂಟು ಉಳಿಸಿ ಕೈಕಟ್ಟಿ ನಿಲ್ಲುತ್ತಾರೆ. ಆಗ ಥಿಯೇಟರಿನ ಹಿರಿಯ ನರ್ಸು ಅಪೊಲಿನ್ ಸಿಸ್ಟರ್ ಬಾಗಿಲಿಗೆ ಹೋಗಿ, "ಗಂಟು ರೆಡಿ ಸಾರ್" ಎಂದು ಕೂಗುತ್ತಾರೆ. ಮೃತ್ಯುಂಜಯಯ್ಯನವರು ಗ್ಲೌಸು ಹಾಕಿಕೊಂಡು ಬರುತ್ತಾರೆ, ಗಂಟು ಹಾಕುತ್ತಾರೆ, ಪಕ್ಕದ ಟೇಬಲ್ಲಿಗೆ ಹೋಗುತ್ತಾರೆ, ಅಲ್ಲೂ ಹಾಕುತ್ತಾರೆ. ಥೇಟು ಸಾಲಿನಲ್ಲಿ ಕೂತವರಿಗೆ ತೀರ್ಥ ಕೊಡುತ್ತಾ ಹೋಗುವ ಅರ್ಚಕರ ಹಾಗೆ. ಯಾರದೋ ದುಡ್ಡು, ಎಲ್ಲಮ್ಮನ ಜಾತ್ರೆ. ಅವರು ಬರುವುದು ತಡವಾದರೆ ಎಲ್ಲರೂ ಕಾಯಬೇಕು. ರೋಗಿಯೂ ಕಾಯಬೇಕು, ಅಂದರೆ ಆ ಪ್ರಾಣಿ ಏಳದ ಹಾಗೆ ನಾನು ಮತ್ತೂ ಮತ್ತೂ ಗ್ಯಾಸು ಬಿಡುತ್ತಾ ಕೂರಬೇಕು. ಮೊದಲ ವರ್ಷದ ಮಕ್ಕಳಿಗೆ ನಾವು ಕಲಿಸುವ ಮೊದಲ ಪಾಠವೇ ಕೈಕಟ್ಟಿ ನಿಲ್ಲುವುದು.

ಒಂದು ಕಾಲಕ್ಕೆ ಅವರದು ಬಹಳ ಒಳ್ಳೆಯ ಕೈ, ಸುಳ್ಳು ಹೇಳಬಾರದು. ಆದರೆ ಅವರು ಕತ್ತಿ ಹಿಡಿದು ಕೊಯ್ದದ್ದನ್ನು ಕಂಡವರು ಈಗ ನಾನು ಮತ್ತು ಅಪೊಲಿನ್ ಸಿಸ್ಟರ್ ಇಬ್ಬರೇ. ಉಳಿದವರೆಲ್ಲ ಅವರು ಗಂಟು ಹಾಕುವುದನ್ನಷ್ಟೇ ಕಂಡವರು.

ಇನ್ನು ಪರೀಕ್ಷೆ. ಎಂ.ಎಸ್. ಪಾಸಾಗಬೇಕಾದರೆ ನಮ್ಮ ವಿಶ್ವವಿದ್ಯಾಲಯದ ನಿಯಮ ಒಂದೇ: ತನ್ನ ಹೆಸರು ಮೈಮೇಲಿರುವ ಒಬ್ಬ ಜೀವಂತ ಮನುಷ್ಯನನ್ನು ಕರೆತಂದು ಪರೀಕ್ಷಕರ ಮುಂದೆ ನಿಲ್ಲಿಸಬೇಕು. ಗಂಟು ಹಾಕಲು ಬಿಡುವವರು ಯಾರು? ದೇವರು ಕೊಟ್ಟರೂ ಪೂಜಾರಿ ಕೊಡ. ಮುಖ್ಯಸ್ಥರ ಮನೆಯ ತರಕಾರಿ ತಂದವರಿಗೆ, ಅವರ ಮಗನ ಮದುವೆಯಲ್ಲಿ ಬಾಳೆಎಲೆ ಹಾಸಿದವರಿಗೆ, ಅವರು ಮನಸ್ಸು ಬಂದಾಗ ಒಂದೊಂದು ಗಂಟು ದಾನ ಮಾಡುತ್ತಾರೆ. ಉಳಿದವರು ರಜೆಯಲ್ಲಿ ಊರಿಗೆ ಹೋಗಿ ನೆಂಟರ ಮೈಮೇಲೆ ಗೆಡ್ಡೆ, ಕುರು ಹುಡುಕುತ್ತಾರೆ. ಒಬ್ಬ ಪುಣ್ಯಾತ್ಮ ಗೆಡ್ಡೆ ಇದೆ ಅನ್ನುವ ಕಾರಣಕ್ಕೇ ಹುಡುಗಿಯನ್ನು ಒಪ್ಪಿ ಮದುವೆಯಾದ. ಹೋದ ವರ್ಷ ಚಿನ್ನದ ಪದಕ ಪಡೆದವನ ಹೆಸರಿದ್ದದ್ದು ಅವನ ಸೋದರಮಾವನ ಅಂಡಿನ ಮೇಲೆ. ಪರೀಕ್ಷಕರು ಒಬ್ಬೊಬ್ಬರಾಗಿ ಬಗ್ಗಿ ಓದಿ, ಬರಹ ದುಂಡಾಗಿದೆ ಎಂದು ಮೆಚ್ಚಿದರು.

ಇಂದುಮತಿಗೆ ಸೋದರಮಾವನೂ ಇರಲಿಲ್ಲ, ಬೆಣ್ಣೆ ಹಚ್ಚುವ ಕಲೆಯೂ ಇರಲಿಲ್ಲ. ಇದ್ದದ್ದು ಕೈ. ನಾನು ಬಹಳ ಕೈ ನೋಡಿದ್ದೇನೆ, ಅಂಥದ್ದು ಅಪರೂಪ. ಹೊಟ್ಟೆಯೊಳಗೆ ಕೈ ಹಾಕಿದಳೆಂದರೆ ಕತ್ತಲೆಯಲ್ಲಿ ತನ್ನ ಮನೆಯ ಅಡುಗೆಕೋಣೆಯಲ್ಲಿ ಓಡಾಡುವ ಹೆಂಗಸಿನ ಹಾಗೆ, ಎಲ್ಲೂ ತಡವರಿಸುತ್ತಿರಲಿಲ್ಲ. ಆ ಕೈಯಿಂದಲೇ ಆದ ನೂರಾರು ಆಪರೇಷನ್ನುಗಳು ಊರಲ್ಲಿ ಮೃತ್ಯುಂಜಯಯ್ಯನವರ ಹೆಸರು ಹೊತ್ತು ಓಡಾಡುತ್ತಿದ್ದವು. ಹೋದ ಸಲ ಒಬ್ಬರೂ ಸಿಗದೆ ಪರೀಕ್ಷೆಯಲ್ಲಿ ಒಂಟಿಯಾಗಿ ನಿಂತು ಫೇಲಾಗಿದ್ದಳು. ನಮ್ಮಲ್ಲಿ ಎರಡೇ ಅವಕಾಶ. ಈ ಸಲವೂ ಹಾಗಾದರೆ ಡಿಗ್ರಿಯೂ ಇಲ್ಲ, ಥಿಯೇಟರಿನ ಬಾಗಿಲೂ ಇಲ್ಲ, ಇನ್ನು ಜನ್ಮದಲ್ಲಿ ಕತ್ತಿ ಹಿಡಿಯುವ ಹಾಗಿಲ್ಲ.

ಕೊನೆಗೆ ನಾನೇ ಬೈದು ಅವಳನ್ನು ಮುಖ್ಯಸ್ಥರ ಬಳಿ ಕಳಿಸಿದೆ. ನಾನೂ ಜೊತೆಗೆ ಹೋದೆ.

"ಸಾರ್, ಒಂದು ಗಂಟು ಬೇಕಾಗಿತ್ತು" ಅಂದಳು.

"ಗಂಟು ಕೇಳಿ ಪಡೆಯೋದಲ್ಲಮ್ಮ, ತಾನಾಗಿ ಒಲಿದು ಬರಬೇಕು. ಭಾನುವಾರ ನಮ್ಮನೇಲಿ ಸತ್ಯನಾರಾಯಣ ಪೂಜೆ ಇದೆ. ಬಾ, ರಂಗೋಲಿ ಗಿಂಗೋಲಿ ಹಾಕು. ನೋಡೋಣ."

"ನನಗೆ ರಂಗೋಲಿ ಬರಲ್ಲ ಸಾರ್."

"ಹೊಲಿಯೋಕೆ ಬರತ್ತೆ, ರಂಗೋಲಿ ಬರಲ್ವಾ?"

"ಹೊಲಿಯೋದನ್ನ ನೀವು ಕಲಿಸಿದೀರಿ ಸಾರ್. ರಂಗೋಲಿ ಕಲಿಸಲಿಲ್ಲ."

ಅವಳು ಕುಚೋದ್ಯಕ್ಕೆ ಹೇಳಿದ್ದಲ್ಲ, ಇದ್ದದ್ದನ್ನೇ ಹೇಳಿದ್ದು. ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರಂತೆ. ಮೃತ್ಯುಂಜಯಯ್ಯನವರು ಮೇಜಿನ ಮೇಲಿದ್ದ ಪೇಪರು ಎತ್ತಿಕೊಂಡು ಮುಖಕ್ಕೆ ಅಡ್ಡ ಹಿಡಿದರು. ನಾವು ಹೊರಗೆ ಬಂದೆವು. ನನಗೆ ಇವಳ ಕಪಾಳಕ್ಕೆ ಎರಡು ಬಿಡೋಣ ಅನ್ನಿಸಿತು, ಪಾಪ ಅಂತಲೂ ಅನ್ನಿಸಿತು.

ಅದಾದ ಸ್ವಲ್ಪ ದಿನಕ್ಕೆ ಮುಖ್ಯಸ್ಥರಿಗೆ ಸನ್ಮಾನ ಬಂತು. ವಿಶ್ವವಿದ್ಯಾಲಯದ ಮೈದಾನದಲ್ಲಿ ಹೊಟ್ಟೆಗಳ ಸಮಾವೇಶ. ಅವರ ಹೆಸರಿರುವ ಊರಿನ ಹೊಟ್ಟೆಗಳೆಲ್ಲ ಬೆಳಿಗ್ಗೆಯೇ ಎಣ್ಣೆ ಹಚ್ಚಿಕೊಂಡು, ಮಿರಿಮಿರಿ ಮಿಂಚುತ್ತಾ ಸಾಲಾಗಿ ನಿಂತವು. ಕುಲಪತಿಗಳು ತೆರೆದ ಜೀಪಿನಲ್ಲಿ ನಿಂತು ಹೊಟ್ಟೆವಂದನೆ ಸ್ವೀಕರಿಸಿದರು ಎಂದು ಆಮೇಲೆ ಕೇಳಿದೆ. ನಾನು ಹೋಗಿರಲಿಲ್ಲ, ಡ್ಯೂಟಿ ಇತ್ತು. ಇಂದುಮತಿಗೂ ಡ್ಯೂಟಿ ಇತ್ತು. ಬೆಣ್ಣೆ ಹಚ್ಚಲು ಬಾರದವರಿಗೆ ಅಂಥ ದಿನ ಯಾವಾಗಲೂ ಡ್ಯೂಟಿ ಇರುತ್ತದೆ.

ಹತ್ತು ಗಂಟೆಯ ಹೊತ್ತಿಗೆ ಸಾಕಮ್ಮನನ್ನು ಆಟೋದಲ್ಲಿ ಹಾಕಿಕೊಂಡು ಬಂದರು. ಆಸ್ಪತ್ರೆಯ ಎದುರಿಗೆ, ರಸ್ತೆಯಾಚೆ ಮೋರಿಯ ಪಕ್ಕ ತಟ್ಟೆ ಇಡ್ಲಿ ಮಾರುವ ಹೆಂಗಸು. ಅವಳ ಇಡ್ಲಿ ತಿನ್ನದ ಡಾಕ್ಟರು ನಮ್ಮಲ್ಲಿಲ್ಲ. ಹೊಟ್ಟೆಯ ಹುಣ್ಣು ತೂತು ಬಿದ್ದಿತ್ತು. ಹೊಟ್ಟೆ ಹಲಗೆಯ ಹಾಗೆ ಬಿಗಿದಿತ್ತು. ತಡ ಮಾಡುವ ಹಾಗಿರಲಿಲ್ಲ. ಅಂಥಾ ನೋವಿನಲ್ಲೂ ಆಕೆ ಇಂದುಮತಿಯ ಕೈ ಹಿಡಿದು ಬಿಡಲಿಲ್ಲ.

"ಅವ್ವಾ, ನೀನೇ ಕೊಯ್ಯಿ, ಯಾರಾನ ಕೊಯ್ಲಿ. ಕೊನೇ ಗಂಟು ಮಾತ್ರ ದೊಡ್ಡೋರ್ದೇ ಆಗ್ಬೇಕು ಕಣವ್ವ."

"ಮೊದಲು ಜೀವ ಉಳೀಲಿ ಅಮ್ಮ."

"ಜೀವ ಉಳಿದ್ರೆ ಹೊಟ್ಟೆಪಾಡು ಬ್ಯಾಡ್ವಾ? ಆಸ್ಪತ್ರೆ ಗೇಟಿನ ಬಲಗಡೆ ಯಾಪಾರಕ್ಕೆ ಕಟ್ಟೆ ಕೊಡದು ದೊಡ್ಡೋರ ಹೆಸ್ರು ಇರೋರ್ಗೆ ಮಾತ್ರ. ಮೋರಿ ಪಕ್ಕ ಕೂತ್ಕಂಡು ಎಷ್ಟ್ ದಿನ ಅಂತ ಒಲೆ ಊದ್ಲಿ? ದಿನಾ ಬಂದು ಪುರಸಭೆಯೋರು ಸ್ಟವ್ ಎತ್ಕಂಡೋಯ್ತಾರೆ. ಮಾತು ಕೊಡು, ಆಮೇಲೆ ಸೂಜಿ ಚುಚ್ಚಲಿ ಈ ನಿದ್ದೆ ಡಾಕ್ಟ್ರು."

ಇಂದುಮತಿ ಮಾತು ಕೊಟ್ಟಳು. ನಾನು ನಿದ್ದೆ ಕೊಟ್ಟೆ.

ಅವಳು ಅಂದು ಮಾಡಿದ ಕೆಲಸವನ್ನು ನಾನು ವರ್ಣಿಸುವುದಿಲ್ಲ, ವರ್ಣಿಸಿದರೆ ನಿಮಗೆ ಊಟ ಸೇರುವುದಿಲ್ಲ. ಹೊಟ್ಟೆಯೆಲ್ಲಾ ರಾಡಿ. ತೊಳೆದಳು, ತೂತು ಮುಚ್ಚಿದಳು, ಮತ್ತೆ ತೊಳೆದಳು, ಪದರ ಪದರ ಹೊಲಿದಳು. ಚರ್ಮದ ಮೇಲೆ ಒಂದು ಗಂಟು ಉಳಿಸಿ ಕೈಕಟ್ಟಿ ನಿಂತಳು. ಅಪೊಲಿನ್ ಸಿಸ್ಟರ್ ಮೈದಾನಕ್ಕೆ ಫೋನು ಮಾಡಿದರು. ಈಗ ಹಾರ ಹಾಕ್ತಾ ಇದಾರೆ, ಬರ್ತಾರೆ ಅಂದರು. ಸ್ವಲ್ಪ ಬಿಟ್ಟು ಮಾಡಿದರೆ, ಈಗ ಪೇಟ ಸುತ್ತುತ್ತಾ ಇದಾರೆ. ಮತ್ತೆ ಮಾಡಿದರೆ, ಭಾಷಣ ಶುರುವಾಗಿದೆ, ಈಗ ತಮ್ಮ ಗುರುಗಳನ್ನ ಹೊಗಳ್ತಾ ಇದಾರೆ, ಇನ್ನೂ ತಮ್ಮ ಬಾಲ್ಯಕ್ಕೆ ಬರಬೇಕು.

ಇತ್ತ ಸಾಕಮ್ಮನ ಬಿ.ಪಿ. ಇಳಿಯತೊಡಗಿತು. ಮೊದಲೇ ಸೋತ ಮೈ, ವಯಸ್ಸಾದ ಗುಂಡಿಗೆ. ಗ್ಯಾಸು ನಿಲ್ಲಿಸಿದರೆ ಎಚ್ಚರವಾಗಿ ಒದ್ದಾಡುತ್ತಾಳೆ, ನಿಲ್ಲಿಸದಿದ್ದರೆ ಏಳುವುದೇ ಇಲ್ಲ. ನಾನು ಬಾಟಲಿ ಬದಲಾಯಿಸಿದೆ, ಔಷಧಿ ಬದಲಾಯಿಸಿದೆ, ಮನಸ್ಸಿನಲ್ಲೇ ಮೃತ್ಯುಂಜಯಯ್ಯನವರ ಗುರುಗಳಿಗೂ ಅವರ ಗುರುಗಳಿಗೂ ಸಹಸ್ರನಾಮ ಮಾಡಿದೆ. ಕೊನೆಗೆ ಬಾಯಿಬಿಟ್ಟು ಹೇಳಿದೆ.

"ಇಂದುಮತೀ, ಇನ್ನು ತಡೆಯಲ್ಲ ಕಣಮ್ಮ."

ಅವಳು ನನ್ನ ಕಡೆ ನೋಡಿದಳು. ಮಾಸ್ಕಿನ ಮೇಲೆ ಕಣ್ಣಷ್ಟೇ ಕಾಣುತ್ತಿತ್ತು. ಆ ಹುಡುಗಿಯ ತಲೆಯಲ್ಲಿ ಏನು ಓಡುತ್ತಿತ್ತು ಎಂದು ನನಗೆ ಗೊತ್ತಿತ್ತು. ಹಾಕಿದರೆ ಗುರುವಿನ ಕೋಪ, ಪರೀಕ್ಷೆಯಲ್ಲಿ ಮುಖ್ಯ ಪರೀಕ್ಷಕರೂ ಅವರೇ. ಕೊಟ್ಟ ಮಾತು ಬೇರೆ ಹೋಗುತ್ತದೆ. ಅದಕ್ಕಿಂತ ಹೆಚ್ಚಾಗಿ, ತನಗೆ ಬೇಕಾಗಿದ್ದ ಗಂಟನ್ನು ಪ್ರಜ್ಞೆಯಿಲ್ಲದ ಮುದುಕಿಯ ಹೊಟ್ಟೆಯಿಂದ ಕದ್ದಳು ಅನ್ನುತ್ತಾರೆ.

"ಸಿಸ್ಟರ್, ಸೂಜಿ ಕೊಡಿ" ಅಂದಳು.

ಅಪೊಲಿನ್ ಸಿಸ್ಟರ್ ಸೂಜಿ ಕೊಟ್ಟು, ಗೋಡೆಯ ಕಡೆ ತಿರುಗಿ ನಿಂತು, "ನಾನು ಏನೂ ನೋಡ್ಲಿಲ್ಲ, ಯೇಸುವೇ" ಅಂದರು. ಇಂದುಮತಿ ಗಂಟು ಹಾಕಿದಳು. ನಾನು ಗ್ಯಾಸು ನಿಲ್ಲಿಸಿದೆ. ಸಾಕಮ್ಮ ಕೆಮ್ಮಿದಳು. ಅಷ್ಟು ಇಂಪಾದ ಕೆಮ್ಮನ್ನು ನಾನು ಕೇಳಿಲ್ಲ.

ಮೃತ್ಯುಂಜಯಯ್ಯನವರು ಬಂದಾಗ ತಲೆಯ ಮೇಲೆ ಮೈಸೂರು ಪೇಟ ಹಾಗೇ ಇತ್ತು, ಕೊರಳಲ್ಲಿ ಗಂಧದ ಹಾರ. ಗ್ಲೌಸು ಹಾಕಿಕೊಂಡು ಟೇಬಲ್ಲಿಗೆ ಬಂದು ಹೊಟ್ಟೆ ನೋಡಿದರು.

"ಯಾರನ್ನ ಕೇಳಿ ಹಾಕ್ದೆ?"

"ಯಾರನ್ನೂ ಕೇಳ್ಲಿಲ್ಲ ಸಾರ್. ಬಿ.ಪಿ. ಬೀಳ್ತಾ ಇತ್ತು."

"ಬಿ.ಪಿ. ಬೀಳತ್ತೆ, ಏಳತ್ತೆ. ಹೆಸರು ಬಿದ್ರೆ ಏಳತ್ತಾ?"

ನನಗೆ ತಡೆಯಲಾಗಲಿಲ್ಲ. "ಸಾರ್, ಇನ್ನೊಂಚೂರು ಬಿಟ್ಟಿದ್ರೆ ನೀವು ಹೆಣಕ್ಕೆ ಗಂಟು ಹಾಕಬೇಕಾಗಿತ್ತು."

"ನೀವು ಸುಮ್ನಿರಿ. ನಿಮ್ದೇನು ಹೆಸರು ಬರತ್ತಾ, ಹೋಗತ್ತಾ."

ಒಮ್ಮೆ ಬಿದ್ದ ಗಂಟು ಬಿದ್ದದ್ದೇ. ಬಿಚ್ಚಿ ಹಾಕಿದರೂ ಮೊದಲಿನವರ ಹೆಸರೇ ಬರುತ್ತದೆ, ಹಿಂದೆ ಬೇಕಾದಷ್ಟು ಸಲ ಪ್ರಯತ್ನ ಮಾಡಿ ನೋಡಿದ್ದಾರೆ. ಮಾಗಿದ ಕಲೆಯನ್ನೇ ಕೊಯ್ದು ತೆಗೆದು ಹೊಸದಾಗಿ ಹೊಲಿದರೆ ಮಾತ್ರ ಹೆಸರು ಬದಲಾಗುವುದುಂಟು. ಮೃತ್ಯುಂಜಯಯ್ಯನವರು ಪೇಟ ಸರಿ ಮಾಡಿಕೊಂಡು ಹೊರಟುಹೋದರು.

ಗಾಯ ಮಾಗಿತು. ಮೃತ್ಯುಂಜಯಯ್ಯನವರಿಗೆಂದು ಕೊಯ್ದಿದ್ದ ಗೇಣುದ್ದದ ಜಾಗದಲ್ಲಿ 'ಇಂದುಮತಿ' ಕಾಲು ಚಾಚಿಕೊಂಡು ಮಲಗಿತ್ತು. ಸಾಕಮ್ಮ ವಾರ್ಡಿನಲ್ಲಿ ಎದ್ದು ಕೂತು ರಂಪ ಮಾಡಿದಳು.

"ನನ್ ಬಾಯಿಗೆ ಮಣ್ಣಾಕ್ಬುಟ್ಯಲ್ಲೇ! ಮಾತು ಕೊಟ್ಟಿದ್ದೆ ನೀನು!"

"ಕೊಟ್ಟಿದ್ದೆ ಅಮ್ಮ, ತಪ್ಪಿದೆ. ಇನ್ನೂ ಕಾದಿದ್ರೆ ನೀವು ಉಳೀತಿರ್ಲಿಲ್ಲ."

"ಎಲ್ಲಾರೂ ಹಂಗೇ ಅನ್ನದು. ಪಾಸಾಗಕ್ಕೆ ಒಂದು ಹೊಟ್ಟೆ ಬೇಕಾಗಿತ್ತು ನಿಂಗೆ. ನಂದು ಸಿಕ್ತು."

ಮುಖ್ಯಸ್ಥರ ಬೈಗುಳಕ್ಕೆ ಕಣ್ಣು ಮಿಟುಕಿಸದ ಹುಡುಗಿ ಈ ಮಾತಿಗೆ ಹಿಂದಿನ ಮೆಟ್ಟಿಲ ಮೇಲೆ ಕೂತು ಅತ್ತುಬಿಟ್ಟಳು. ನಾನು ಪಕ್ಕದಲ್ಲಿ ಕೂತೆ. ನನ್ನ ಕೆಲಸ ನಿದ್ದೆ ಮಾಡಿಸುವುದು, ಸಮಾಧಾನ ಮಾಡುವುದಲ್ಲ.

ಊರಿನ ಬಾಯಿಗೆ ಬೀಗ ಹಾಕುವುದು ಯಾರು? ಇಡ್ಲಿ ತಿನ್ನುವವರೆಲ್ಲ ಸಾಕಮ್ಮನ ಹೊಟ್ಟೆ ಓದತೊಡಗಿದರು. ಹಾಗಾದರೆ ಅವತ್ತು ಮುಖ್ಯಸ್ಥರು ಇರಲಿಲ್ಲವೇ, ಇಲ್ಲದಿದ್ದರೆ ಕೊಯ್ದವರು ಯಾರು, ನಮ್ಮ ಹೊಟ್ಟೆ ಕೊಯ್ದವರು ಯಾರು ಎಂಬ ಮಾತು ಚಟ್ನಿಯ ಜೊತೆ ಓಡಾಡತೊಡಗಿತು. ಮೃತ್ಯುಂಜಯಯ್ಯನವರು ಒಂದು ಉಪಾಯ ಮಾಡಿದರು. ಬಡ ಹೆಂಗಸಿಗೆ ಅನ್ಯಾಯವಾಗಿದೆ, ಆ ಕಲೆಯನ್ನು ತೆಗೆದು ಸ್ವತಃ ನಾನೇ ಹೊಲಿದುಕೊಡುತ್ತೇನೆ, ಎಲ್ಲರೂ ಬಂದು ನೋಡಲಿ, ವಿದ್ಯಾರ್ಥಿಗಳಿಗೂ ಪಾಠವಾಗುತ್ತದೆ ಎಂದು ಸಾರಿದರು. ಸಾಕಮ್ಮ ಕುಣಿದಾಡಿಬಿಟ್ಟಳು. ದಿನ ಗೊತ್ತಾದದ್ದು ಪರೀಕ್ಷೆಯ ಹಿಂದಿನ ವಾರ. ಅಂದರೆ ಇಂದುಮತಿಗಿದ್ದ ಒಂದೇ ಒಂದು ಹೆಸರು ಪರೀಕ್ಷೆಗೆ ಮೊದಲೇ ಕಸದ ಬಕೆಟ್ಟಿಗೆ ಬೀಳಬೇಕು.

"ಹೋಗಿ ಸಾಕಮ್ಮನ ಕಾಲು ಹಿಡ್ಕೊ. ಒಂದು ವಾರ ತಡೀಲಿ ಅನ್ನು" ಅಂದೆ.

"ಅವರ ಹೊಟ್ಟೆ ಸಾರ್. ಅವರ ಇಷ್ಟ" ಅಂದಳು.

ನಮ್ಮ ದೊಡ್ಡ ಥಿಯೇಟರಿನ ಮೇಲುಗಡೆ ಗಾಜಿನ ಗ್ಯಾಲರಿ ಇದೆ. ಅಂದು ಅಲ್ಲಿ ಕಾಲಿಡಲು ಜಾಗವಿರಲಿಲ್ಲ. ಮುಂದಿನ ಸಾಲಿನಲ್ಲಿ ಕುಲಪತಿಗಳು. ಗಾಜಿನಿಂದಾಗಿ ಅವರಿಗೆ ಎಲ್ಲವೂ ಕಾಣುತ್ತಿತ್ತು, ಏನೂ ಕೇಳುತ್ತಿರಲಿಲ್ಲ. ಸಾಕಮ್ಮನ ಗುಂಡಿಗೆ ಮತ್ತೊಮ್ಮೆ ಗ್ಯಾಸು ತಡೆಯುವುದಿಲ್ಲ ಎಂದು ನಾನು ಚರ್ಮವಷ್ಟೇ ಮರಗಟ್ಟುವ ಇಂಜೆಕ್ಷನ್ನು ಕೊಟ್ಟಿದ್ದೆ. ಆಕೆಗೆ ಪೂರ್ತಿ ಎಚ್ಚರವಿತ್ತು. ಮಗಳ ಮದುವೆಗೆ ಬಂದವಳ ಹಾಗೆ ಮುಖ ಅರಳಿಸಿಕೊಂಡು ಮಲಗಿದ್ದಳು.

ಮೃತ್ಯುಂಜಯಯ್ಯನವರು ಗಾಜಿನ ಕಡೆ ಕೈಮುಗಿದು, ಬಗ್ಗಿ ಮೆಲ್ಲಗೆ ಹೇಳಿದರು. "ಇಂದುಮತಿ, ನೀನು ಕೊಯ್ಯಮ್ಮ. ನಾನು ಗಂಟು ಹಾಕ್ತೀನಿ."

"ಇಲ್ಲ ಸಾರ್. ಹೊಲಿದದ್ದು ನಾನು. ಕಿತ್ತುಹಾಕೋದು ನನ್ನಿಂದ ಆಗಲ್ಲ."

ಅವರು ಉಳಿದ ಮಕ್ಕಳ ಕಡೆ ನೋಡಿದರು. ಎಲ್ಲರೂ ಗ್ಯಾಲರಿಯಲ್ಲಿದ್ದರು, ಪಾಠ ಕಲಿಯಲು. ಮೇಲಿನಿಂದ ಕುಲಪತಿಗಳು ಶುರುಮಾಡಿ ಎಂಬಂತೆ ಕೈ ಆಡಿಸಿದರು. ಬೇರೆ ದಾರಿಯಿರಲಿಲ್ಲ. ಮೃತ್ಯುಂಜಯಯ್ಯನವರು ಕೈ ಚಾಚಿದರು, ಅಪೊಲಿನ್ ಸಿಸ್ಟರ್ ಕತ್ತಿ ಇಟ್ಟರು. ಕತ್ತಿ ಸಾಕಮ್ಮನ ಹೊಟ್ಟೆಯ ಮೇಲೆ ಬಂದು ನಿಂತಿತು. ಅಲ್ಲೇ ನಿಂತಿತು. ತುದಿ ನಡುಗುತ್ತಿತ್ತು. ಅವರ ಹಣೆಯ ಬೆವರನ್ನು ಸಿಸ್ಟರ್ ಒರೆಸಿದರು. ಮತ್ತೆ ಬಂತು, ಮತ್ತೆ ಒರೆಸಿದರು.

"ಎಲ್ಲಿಂದ ಶುರು ಮಾಡೋದಮ್ಮ?" ಅಂದರು.

ನನಗೆ ನಗು ಬರಬೇಕಾಗಿತ್ತು. ಇಷ್ಟು ವರ್ಷ ಇಂಥದ್ದೊಂದು ಗಳಿಗೆಗಾಗಿ ಕಾದಿದ್ದವನು ನಾನು. ಆದರೆ ಬರಲಿಲ್ಲ. ಒಂದು ಕಾಲಕ್ಕೆ ಆ ಕೈಯನ್ನು ನಾನು ಕಣ್ಣಾರೆ ಕಂಡಿದ್ದೆನಲ್ಲ.

ಇಂದುಮತಿಯ ದನಿಯಲ್ಲಿ ಚೂರೂ ಕೊಂಕಿರಲಿಲ್ಲ. "ಎಡಗೈಲಿ ಚರ್ಮ ಬಿಗಿಯಾಗಿ ಹಿಡ್ಕೊಳ್ಳಿ ಸಾರ್. ಮೇಲುತುದಿಯಿಂದ ಶುರು ಮಾಡಿ. ಅವಸರ ಇಲ್ಲ, ನಾನಿಲ್ಲೇ ಇದೀನಿ."

ಸಾಕಮ್ಮ ಒಬ್ಬರ ಮುಖ ನೋಡಿದಳು, ಇನ್ನೊಬ್ಬರ ಮುಖ ನೋಡಿದಳು. ಆಮೇಲೆ ಕೈ ಎತ್ತಿ ಮೃತ್ಯುಂಜಯಯ್ಯನವರ ಮಣಿಕಟ್ಟು ಹಿಡಿದುಕೊಂಡಳು.

"ಸ್ವಾಮಿ, ಕೈ ಹಿಂಗ್ ನಡುಗ್ತಾ ಐತಲ್ಲ. ಬೆಳಿಗ್ಗೆ ಏನಾನ ತಿಂದ್ರಾ?"

"ಇಲ್ಲಮ್ಮ" ಅಂದರು, ಸಣ್ಣ ಮಗುವಿನ ಹಾಗೆ.

"ಅದಕ್ಕೇ ಮತ್ತೆ! ಖಾಲಿ ಹೊಟ್ಟೇಲಿ ಇಂಥ ಕೆಲ್ಸಕ್ಕೆ ನಿಂತ್ಕಂಡ್ರೆ ಇನ್ನೇನಾಯ್ತದೆ? ಕೂತ್ಕಳಿ, ಕೂತ್ಕಳಿ. ನಂಗೆ ಈ ಹೊಟ್ಟೇನೇ ಸಾಕು, ಬುಡಿ."

ಸಿಸ್ಟರ್ ಕತ್ತಿ ತೆಗೆದುಕೊಂಡರು. ಸಾಕಮ್ಮ ಎದ್ದು, ಸೆರಗು ಎಳೆದು ಹೊಟ್ಟೆ ಮುಚ್ಚಿಕೊಂಡು, ಮೆಲ್ಲಗೆ ಟೇಬಲ್ಲಿನಿಂದ ಇಳಿದು ನಡೆದುಕೊಂಡು ಹೋದಳು. ಮೃತ್ಯುಂಜಯಯ್ಯನವರು ನನ್ನ ಸ್ಟೂಲಿನ ಮೇಲೆ ಕುಸಿದು ಕೂತರು.

ಅಷ್ಟರಲ್ಲಿ ಗಾಜಿನ ಹಿಂದೆ ಎಲ್ಲರೂ ಎದ್ದು ನಿಂತು ಚಪ್ಪಾಳೆ ತಟ್ಟುತ್ತಿದ್ದರು. ಪ್ರೊಫೆಸರು ಬಗ್ಗಿದ್ದು ಕಂಡಿತ್ತು, ಬೆವರಿದ್ದು ಕಂಡಿತ್ತು, ಹೆಂಗಸು ಎದ್ದು ನಡೆದುಹೋದದ್ದೂ ಕಂಡಿತ್ತು. ಇನ್ನೇನು ಬೇಕು? ಕುಲಪತಿಗಳು ಕೆಳಗಿಳಿದು ಬಂದು ಕೈ ಕುಲುಕಿ, "ಅದ್ಭುತ! ಒಂದು ತೊಟ್ಟು ರಕ್ತ ಬರಲಿಲ್ಲವಲ್ಲ! ಹೊಲಿಗೆ ಹಾಕಿದ್ದೇ ಗೊತ್ತಾಗಲಿಲ್ಲ!" ಅಂದರು. ಮೃತ್ಯುಂಜಯಯ್ಯನವರು ಆ ಕೈಯನ್ನೇ ಹಿಡಿದುಕೊಂಡು ಎದ್ದು ನಿಂತರು. ಅಲ್ಲೇ ನಿಂತು ಕುಲಪತಿಗಳು ಗೇಟಿನ ಬಲಗಡೆಯ ಕಟ್ಟೆಯನ್ನು ಸಾಕಮ್ಮನಿಗೆ ಘೋಷಿಸಿದರು. ಮರುದಿನ ಬೆಳಿಗ್ಗೆಗೆ ಅವಳ ಒಲೆ ಅಲ್ಲಿ ಉರಿಯುತ್ತಿತ್ತು.

ನೋಡಿ, ಎಂಥಾ ಸಿಕ್ಕು. ಈಗ ಊರಿನ ಲೆಕ್ಕದಲ್ಲಿ ಸಾಕಮ್ಮನದು ಮುಖ್ಯಸ್ಥರ ಹೊಟ್ಟೆ. ಸೆರಗು ಬಿಗಿಯಾಗಿ ಹೊದ್ದುಕೊಂಡು ಇಡ್ಲಿ ಬೇಯಿಸುತ್ತಿದ್ದರೆ ಕಟ್ಟೆ ಅವಳದೇ. ಸೆರಗು ಸರಿಸಿದರೆ ಕಟ್ಟೆ ಹೋಯಿತು. ಇಂದುಮತಿಗೆ ಬೇಕಾದದ್ದು ಆ ಸೆರಗು ಸರಿಯುವುದೇ. ಕೇಳು ಎಂದು ನಾನು ಹಲ್ಲು ಕಡಿದೆ. ಅವಳು ಕೇಳುವುದಿಲ್ಲ ಅಂದಳು. "ಒಂದು ಸಲ ಅವರ ಬಾಯಿಗೆ ಮಣ್ಣು ಹಾಕಿದ್ದು ಸಾಕು ಸಾರ್." ಸಾಮಾನು ಕಟ್ಟತೊಡಗಿದಳು.

ಪರೀಕ್ಷೆಯ ಹಿಂದಿನ ದಿನ ನಾನು ಇಡ್ಲಿ ತಿನ್ನಲು ಹೋದೆ. ಜನ ಕಿಕ್ಕಿರಿದಿದ್ದರು. ಕಟ್ಟೆಯ ವ್ಯಾಪಾರ ಚೆನ್ನಾಗಿತ್ತು.

"ಆ ಹುಡುಗಿ ಪರೀಕ್ಸೆ ಯಾವಾಗ?" ಸಾಕಮ್ಮ ತಟ್ಟೆ ಕೊಡುತ್ತಾ ಕೇಳಿದಳು.

"ನಾಳೆ. ಕರ್ಕೊಂಡು ಹೋಗೋಕೆ ಅವಳಿಗೆ ಯಾರೂ ಇಲ್ಲ. ನಾಳಿದ್ದು ಊರಿಗೆ ಹೋಗ್ತಾಳೆ. ಇನ್ನು ಕತ್ತಿ ಹಿಡಿಯೋ ಹಾಗಿಲ್ಲ."

"ಅವತ್ತು, ನಾನು ಮಲಗಿದ್ದಾಗ, ನಿಜವಾಗ್ಲೂ ಹೋಗ್ಬುಡ್ತಿದ್ನಾ?"

"ನಾನು ನಿನ್ನ ತಲೆ ಹತ್ರಾನೇ ಕೂತಿದ್ದೆ ಸಾಕಮ್ಮ. ಹೋಗಿಬಿಡ್ತಿದ್ದೆ."

ಅವಳು ಸೌಟು ಎತ್ತಿದಳು. "ಚಟ್ನಿ ಹಾಕ್ಲಾ?" ಎಂದು ಕೇಳಿದಳು. ನಾನು ಹಾಕಿಸಿಕೊಂಡು ತಿಂದು ಬಂದೆ.

ಮನಸ್ಸು ತಡೆಯದೆ ನಾನೂ ಪರೀಕ್ಷೆಯ ಹಾಲಿಗೆ ಹೋಗಿ ಪರೀಕ್ಷಕರ ಹತ್ತಿರ ನಿಂತೆ. ಪ್ರತಿ ವಿದ್ಯಾರ್ಥಿಯ ಪಕ್ಕ ಒಬ್ಬೊಬ್ಬರು ಅಂಗಿಯೋ ರವಿಕೆಯೋ ಸಡಿಲಿಸಿಕೊಂಡು ಸಿದ್ಧವಾಗಿದ್ದರು. ಚಿಕ್ಕಪ್ಪಂದಿರು, ಅತ್ತೆಯರು, ಒಬ್ಬನ ಬಾಡಿಗೆ ಮನೆಯ ಯಜಮಾನ. ಪರೀಕ್ಷಕರ ಮೇಜಿನ ನಡುವೆ ಮೃತ್ಯುಂಜಯಯ್ಯನವರು, ಆ ಕಡೆ ಈ ಕಡೆ ಹೊರಗಿನಿಂದ ಬಂದ ಇಬ್ಬರು. ಕುಲಪತಿಗಳು ಗೋಡಂಬಿ ತಿನ್ನುತ್ತಾ ಪಕ್ಕದಲ್ಲಿ ಕೂತಿದ್ದರು. ಒಬ್ಬೊಬ್ಬರ ಮೈಮೇಲಿನ ಹೆಸರನ್ನು ಮುಖ್ಯ ಪರೀಕ್ಷಕರು ಗಟ್ಟಿಯಾಗಿ ಓದಬೇಕು, ಆಗ ಪಾಸು. ಇಂದುಮತಿಯ ಸರದಿ ಬಂತು. ಒಬ್ಬಳೇ ನಿಂತಿದ್ದಳು. ಸಹಿ ಮಾಡಿ ಹೋಗಬಹುದಮ್ಮ ಎಂದು ಹೊರಗಿನ ಪರೀಕ್ಷಕರೊಬ್ಬರು ಕನಿಕರದಿಂದ ಹೇಳಿದರು.

ಬಾಗಿಲಲ್ಲಿ ಗದ್ದಲವಾಯಿತು. ಸಾಕಮ್ಮ ಜವಾನನನ್ನು ತಳ್ಳಿಕೊಂಡು ಒಳಗೆ ಬಂದಳು. ಕೈಯಲ್ಲಿ ಇನ್ನೂ ಹಿಟ್ಟಿತ್ತು. ನೆಟ್ಟಗೆ ಹೋಗಿ ಇಂದುಮತಿಯ ಪಕ್ಕ ನಿಂತು, ಮೇಜಿನ ಕಡೆ ಹೊಟ್ಟೆ ತಿರುಗಿಸಿ, ಸೆರಗು ಸರಿಸಿದಳು.

ಕುಲಪತಿಗಳು ಬಗ್ಗಿ ನೋಡಿದರು. ಗೋಡಂಬಿ ಬಾಯಲ್ಲೇ ನಿಂತಿತು. "ಏನಮ್ಮ ಇದು? ನಿನಗೆ ಕಟ್ಟೆ ಕೊಟ್ಟದ್ದು..."

"ಕಟ್ಟೆ ನೀವೇ ಇಟ್ಕಳಿ ಬುದ್ಧಿ. ಒಲೆ ಎತ್ತಿ ಮೋರಿ ಪಕ್ಕ ಇಟ್ಟೇ ಬಂದಿದೀನಿ. ಬದುಕಿದ್ರೆ ಬೇಡಿ ತಿಂದೇನು" ಅಂದಳು. ಆಮೇಲೆ ಇಂದುಮತಿಗೆ, "ಯಾಕೆ ಅಳ್ತೀಯ, ನೆಟ್ಟಗೆ ನಿಂತ್ಕ" ಎಂದು ಗದರಿದಳು.

ಮೃತ್ಯುಂಜಯಯ್ಯನವರು ಎದ್ದು ಮೇಜು ಸುತ್ತಿಕೊಂಡು ಬಂದು ಆ ಹೊಟ್ಟೆಯ ಮುಂದೆ ನಿಂತರು. ತುಟಿ ಅಲ್ಲಾಡಿತು. ಹತ್ತಿರವಿದ್ದ ನಮಗಷ್ಟೇ ಕೇಳುವ ಹಾಗೆ, "ಇಂದುಮತಿ" ಅಂದರು.

"ಇನ್ನೊಸಿ ಗಟ್ಟಿಯಾಗಿ ಓದಿ ಸ್ವಾಮಿ" ಅಂದಳು ಸಾಕಮ್ಮ. "ಹಿಂದ್ಗಡೆ ಕೂತೋರ್ಗೆ ಕೇಳ್ಸಿಲ್ಲ."

ಅವರು ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡು, ಗಟ್ಟಿಯಾಗಿ ಓದಿದರು.